ಸ್ಟೌಟ್ ಬಿಯರ್ ಹಾಕಿದ ಚಾಕೊಲೇಟ್ ಕೇಕ್: ಬಾಟಲಿ ಆರಿಸುವುದರಿಂದ ಫ್ರಾಸ್ಟಿಂಗ್‌ವರೆಗೆ

ಕೇಕಿಗೆ ಬಿಯರ್ ಹಾಕ್ತಾರೆ ಅಂದ ಕೂಡಲೇ ಹೆಚ್ಚಿನವರು ಮುಖ ಸಿಂಡರಿಸುತ್ತಾರೆ. ಬಿಯರ್ ವಾಸನೆ ಹೊಡೆಯುವ ಕೇಕ್ ಯಾರಿಗೆ ಬೇಕು, ಅಲ್ವಾ? ಆದರೆ ಸ್ಟೌಟ್ ಎಂಬ ಕಪ್ಪು ಬಿಯರ್ ಹಾಕಿ ಸರಿಯಾಗಿ ಮಾಡಿದ ಕೇಕ್ ತಿಂದವರಿಗೆ ಅದರಲ್ಲಿ ಬಿಯರ್ ಇದೆ ಅಂತ ಹೇಳದೇ ಇದ್ದರೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಚಾಕೊಲೇಟ್ ಮಾತ್ರ, ಅದೂ ಗಾಢವಾಗಿ. ಕಪ್ಪು ಬಣ್ಣ, ಒಳಗೆಲ್ಲ ತೇವ, ಸಿಹಿಯ ಬೆನ್ನಿಗೇ ಒಂದು ಸಣ್ಣ ಕಹಿ. ಇಲ್ಲಿ ಸ್ಟೌಟ್ ಬರುವುದು ಕೋಕೋಗೆ ಬಲ ಕೊಡುವುದಕ್ಕೆ. ಹಾಗಾಗಿ ದುಬಾರಿ ಬಿಯರ್ ಹುಡುಕಿಕೊಂಡು ಅಲೆಯಬೇಡಿ. ಆ ದುಡ್ಡನ್ನು ಒಳ್ಳೆ ಕೋಕೋ ಪುಡಿಗೆ ಹಾಕಿ.

ಐರ್ಲೆಂಡ್, ಇಂಗ್ಲೆಂಡ್ ಕಡೆ ಇದು ಮನೆಗಳಲ್ಲಿ ಮಾಮೂಲಾಗಿ ಮಾಡುವ ಕೇಕ್. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ಹೊತ್ತಿಗಂತೂ ಎಲ್ಲೆಡೆ ಕಾಣುತ್ತದೆ. ಕಪ್ಪು ಕೇಕ್, ಅದರ ತಲೆಯ ಮೇಲೆ ಮಾತ್ರ ದಪ್ಪಗೆ ಬಿಳಿ ಫ್ರಾಸ್ಟಿಂಗ್. ಗ್ಲಾಸಿಗೆ ಸುರಿದ ಸ್ಟೌಟ್ ಮತ್ತು ಅದರ ನೊರೆ ನೆನಪಾಗಲಿ ಅಂತ ಬೇಕಂತಲೇ ಹಾಗೆ ಮಾಡುತ್ತಾರೆ. ಪಕ್ಕಗಳಿಗೆ ಕ್ರೀಮ್ ಬಳಿಯುವುದಿಲ್ಲ. ಇದು ನಮಗೂ ಅನುಕೂಲ, ಅಲಂಕಾರದ ಕಸರತ್ತು ಉಳಿಯಿತು.

ಸ್ಟೌಟ್ ಯಾಕೆ, ಬೇರೆ ಬಿಯರ್ ಯಾಕೆ ಬೇಡ

ಸ್ಟೌಟ್ ಕಪ್ಪಗಿರುವುದು ಚೆನ್ನಾಗಿ ಹುರಿದ ಬಾರ್ಲಿಯಿಂದ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಅನ್ನು ಡ್ರಮ್ಮಿನಲ್ಲಿ ತಿರುಗಿಸುತ್ತಾ ಕಪ್ಪಗೆ ಹುರಿಯುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಕಾಫಿ ಬೀಜ ಹುರಿಯುವ ಯಂತ್ರದ ಥರದ್ದೇ ಏರ್ಪಾಡು. ಅಲ್ಲಿಂದಾಚೆ ಲಂಡನ್ನಿನ ಪೋರ್ಟರ್ ಬಿಯರಿಗೆ ಒಂದಿಷ್ಟು ಕಪ್ಪು ಮಾಲ್ಟ್ ಸೇರಿಸಿದರೆ ಸಾಕು, ಬಣ್ಣವೂ ಬಂತು, ಹುರಿದ ರುಚಿಯೂ ಬಂತು. ಆ ಪೋರ್ಟರಿನಲ್ಲೇ ಗಟ್ಟಿಯಾದದ್ದನ್ನು ಸ್ಟೌಟ್ ಎನ್ನುತ್ತಿದ್ದರು. ಇವತ್ತು ಎಲ್ಲರಿಗೂ ಗೊತ್ತಿರುವ ಹೆಸರು ಗಿನ್ನೆಸ್. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್ನಿನ ಸೇಂಟ್ ಜೇಮ್ಸ್ ಗೇಟ್ ಬ್ರೂವರಿಯನ್ನು ವರ್ಷಕ್ಕೆ 45 ಪೌಂಡ್ ಬಾಡಿಗೆಗೆ, 9000 ವರ್ಷಗಳ ಗುತ್ತಿಗೆಗೆ ಬರೆಸಿಕೊಂಡ. ಎಂಥಾ ಧೈರ್ಯ ನೋಡಿ! ಆದರೆ ಅವನೂ ಶುರು ಮಾಡಿದ್ದು ಏಲ್ ಎಂಬ ಮಾಮೂಲಿ ಬಿಯರಿನಿಂದ. ಕಪ್ಪು ಬಿಯರ್ ಆಮೇಲೆ ಬಂತು.

ಕೋಕೋ ಬೀಜ, ಕಾಫಿ ಬೀಜ, ಬಾರ್ಲಿ, ಮೂರೂ ಹುರಿದಾಗಲೇ ಘಮ ಬರುವುದು. ಹುರಿಯುವಾಗ ಹುಟ್ಟುವ ವಾಸನೆಯ ಅಂಶಗಳೂ ಬಹಳಷ್ಟು ಒಂದೇ ಬಗೆಯವು. ಅದಕ್ಕೇ ಸ್ಟೌಟ್ ಚಾಕೊಲೇಟಿನ ಜೊತೆ ಜಗಳವಾಡುವುದಿಲ್ಲ. ಹಳದಿ ಬಣ್ಣದ ಲಾಗರ್ ಬಿಯರ್ ಹಾಕಿ ನೋಡಿ, ಕೇಕ್ ಆಗುತ್ತದೆ, ಆದರೆ ಹಾಕಿದ್ದಕ್ಕೆ ಪ್ರಯೋಜನವೇನೂ ಕಾಣುವುದಿಲ್ಲ. ಇನ್ನೊಂದು ಲಾಭವೂ ಇದೆ. ಬಿಯರ್ ಹುಳಿ ಗುಣದ್ದು. ಅಡುಗೆ ಸೋಡಾಕ್ಕೆ ಹುಳಿ ಸಿಕ್ಕರೆ ತಾನೆ ಗಾಳಿ ಬಿಟ್ಟು ಹಿಟ್ಟನ್ನು ಉಬ್ಬಿಸುವುದು? ಸ್ಟೌಟ್ ಮತ್ತು ಮೊಸರು ಸೇರಿ ಆ ಕೆಲಸ ನೋಡಿಕೊಳ್ಳುತ್ತವೆ.

ಅಂಗಡಿಗೆ ಹೋದಾಗ ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ನಮ್ಮಲ್ಲಿ 'ಸ್ಟ್ರಾಂಗ್' ಅಂತ ಮಾರುವ ಬಿಯರ್ ಸ್ಟೌಟ್ ಅಲ್ಲ. ಅದು ಆಲ್ಕೋಹಾಲ್ ಜಾಸ್ತಿ ಇರುವ ಲಾಗರ್, ಅಷ್ಟೇ. ಕಪ್ಪಗಿದ್ದ ಮಾತ್ರಕ್ಕೂ ಸ್ಟೌಟ್ ಆಗುವುದಿಲ್ಲ. ಡುಂಕೆಲ್ ಥರದ ಕಂದು ಬಿಯರ್‌ಗಳಲ್ಲಿ ಹುರಿದ ಕಹಿ ಕಡಿಮೆ, ಸಿಹಿ ಹೆಚ್ಚು. ಲೇಬಲ್ ಮೇಲೆ ಸ್ಟೌಟ್ ಅಥವಾ ಪೋರ್ಟರ್ ಅಂತ ಇದೆಯಾ ನೋಡಿಕೊಳ್ಳಿ. ಐರಿಷ್ ಶೈಲಿಯ ಡ್ರೈ ಸ್ಟೌಟ್ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಓಟ್‌ಮೀಲ್ ಸ್ಟೌಟ್, ಮಿಲ್ಕ್ ಸ್ಟೌಟ್ ಕೂಡ ನಡೆಯುತ್ತದೆ. ಮಿಲ್ಕ್ ಸ್ಟೌಟ್‌ನಲ್ಲಿ ಹಾಲಿನ ಸಕ್ಕರೆ ಇರುವುದರಿಂದ ಸಕ್ಕರೆಯನ್ನು ಒಂದು ಚಮಚ ಇಳಿಸಿ. ಇಂಪೀರಿಯಲ್ ಸ್ಟೌಟ್ ಬೇಡ. ಅದರ ಕಹಿ ಕೇಕಿನಲ್ಲಿ ಎದ್ದು ಕಾಣುತ್ತದೆ, ಬೆಲೆಯೂ ಜಾಸ್ತಿ.

ಆಲ್ಕೋಹಾಲ್ ಹಾರಿಹೋಗುತ್ತದಾ?

ಪೂರ್ತಿ ಹೋಗುವುದಿಲ್ಲ. 'ಬೇಯಿಸಿದರೆ ಎಲ್ಲಾ ಆವಿಯಾಗುತ್ತೆ ಬಿಡಿ' ಅನ್ನುವುದು ಬರೀ ಮಾತು. ಲೆಕ್ಕ ಹಾಕೋಣ. ನಾವು ಹಾಕುವುದು 200 ಮಿ.ಲೀ. ಸ್ಟೌಟ್. ಅದರಲ್ಲಿ ಶೇ 4.2ರಷ್ಟು ಆಲ್ಕೋಹಾಲ್ ಇದ್ದರೆ ಒಟ್ಟು 8.4 ಮಿ.ಲೀ. ಕೇಕನ್ನು 12 ತುಂಡು ಮಾಡಿದರೆ, ಒಂದು ಹನಿಯೂ ಹಾರಿಹೋಗದಿದ್ದರೂ ತುಂಡಿಗೆ 0.7 ಮಿ.ಲೀ. ಒಲೆಯ ಮೇಲೆ, ಆಮೇಲೆ ಓವನ್ನಿನಲ್ಲಿ ಅದರ ಬಹುಪಾಲು ಹೋಗುತ್ತದೆ. ಉಳಿಯುವುದು ತೀರಾ ಕಡಿಮೆ, ಆದರೆ ಸೊನ್ನೆ ಅಲ್ಲ.

ಹಾಗಾಗಿ ಬಡಿಸುವ ಮೊದಲೇ ಹೇಳಿಬಿಡಿ. ಧರ್ಮ, ವ್ರತ, ಔಷಧಿ, ಬಸಿರು, ಕುಡಿತ ಬಿಟ್ಟಿರುವುದು, ಕಾರಣ ಯಾವುದೇ ಇರಲಿ, ಬೇಡ ಅನ್ನುವವರಿಗೆ ಬೇಡ ಅನ್ನುವ ಅವಕಾಶ ಇರಬೇಕು. ತಿಂದು ಮುಗಿಸಿದ ಮೇಲೆ 'ಗೊತ್ತಾಯ್ತಾ ಅದರಲ್ಲೇನಿತ್ತು?' ಅಂತ ನಗುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳಿರುವ ಮನೆಗೆ ಡಿಕಾಕ್ಷನ್ ಕೇಕ್ ಮಾಡಿ. 100 ಮಿ.ಲೀ. ಗಟ್ಟಿ ಫಿಲ್ಟರ್ ಕಾಫಿ ಡಿಕಾಕ್ಷನ್‌ಗೆ 100 ಮಿ.ಲೀ. ನೀರು ಬೆರೆಸಿ, ಸ್ಟೌಟ್ ಬದಲು ಅದನ್ನೇ ಹಾಕಿ. ಉಳಿದದ್ದೆಲ್ಲ ಇದೇ ಅಳತೆ. ಚಿಕೋರಿ ಇರುವ ಪುಡಿಯಾದರೆ ಇನ್ನೂ ಒಳ್ಳೆಯದು, ಅದರ ಕಹಿ ಸ್ಟೌಟ್‌ನ ಕಹಿಗೆ ಹತ್ತಿರ. ಲಂಡನ್, ಡಬ್ಲಿನ್ ಕಡೆ ಇರುವವರಿಗೆ ಆಲ್ಕೋಹಾಲ್ ತೆಗೆದ ಸ್ಟೌಟ್ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಅದರಿಂದಲೂ ಕೇಕ್ ಚೆನ್ನಾಗಿ ಬರುತ್ತದೆ. ಆದರೆ ಲೇಬಲ್ ಓದಿ, ಕೆಲವದರಲ್ಲಿ ಶೇ 0.5ರವರೆಗೆ ಇರುತ್ತದೆ.

ಏನೇನು ಬೇಕು

20 ಸೆಂ.ಮೀ. ಅಗಲ, 7 ಸೆಂ.ಮೀ. ಆಳದ ದುಂಡು ಟಿನ್ನಿಗೆ ಈ ಅಳತೆ. 8 ಇಂಚಿನ ಟಿನ್ ಅಂದರೂ ಅದೇ.

- ಸ್ಟೌಟ್ – 200 ಮಿ.ಲೀ.
- ಉಪ್ಪಿಲ್ಲದ ಬೆಣ್ಣೆ – 180 ಗ್ರಾಂ
- ಸಿಹಿ ಇಲ್ಲದ ಕೋಕೋ ಪುಡಿ – 60 ಗ್ರಾಂ
- ಬ್ರೌನ್ ಶುಗರ್ – 150 ಗ್ರಾಂ
- ಬಿಳಿ ಸಕ್ಕರೆ – 130 ಗ್ರಾಂ
- ಮೈದಾ – 220 ಗ್ರಾಂ
- ಅಡುಗೆ ಸೋಡಾ – ಒಂದೂವರೆ ಟೀ ಚಮಚ, ತಲೆ ತಟ್ಟಿ
- ಉಪ್ಪು – ಅರ್ಧ ಟೀ ಚಮಚ
- ಗಟ್ಟಿ ಮೊಸರು – 120 ಗ್ರಾಂ
- ದೊಡ್ಡ ಮೊಟ್ಟೆ – 2
- ವೆನಿಲಾ ಎಸೆನ್ಸ್ – 1 ಟೀ ಚಮಚ

ಮೇಲಿನ ಬಿಳಿ ಪದರಕ್ಕೆ 200 ಗ್ರಾಂ ಕ್ರೀಮ್ ಚೀಸ್, 80 ಗ್ರಾಂ ಐಸಿಂಗ್ ಶುಗರ್, 100 ಮಿ.ಲೀ. ವಿಪ್ಪಿಂಗ್ ಕ್ರೀಮ್.

ದಯವಿಟ್ಟು ತಕ್ಕಡಿ ಬಳಸಿ. ಮೈದಾವನ್ನು ಕಪ್ಪಿಗೆ ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಇನ್ನೊಂದು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಈಗ ಎಲ್ಲ ಕಡೆ ಸಿಗುತ್ತದೆ.

ಈಗ ಕೋಕೋ ವಿಷಯ. ಡ್ರಿಂಕಿಂಗ್ ಚಾಕೊಲೇಟ್ ಪುಡಿ ಕೋಕೋ ಅಲ್ಲ, ಅದರಲ್ಲಿ ಮುಕ್ಕಾಲುವಾಸಿ ಸಕ್ಕರೆಯೇ. ಅದನ್ನು ಹಾಕಿದರೆ ಈ ಕೇಕ್ ಕೆಟ್ಟಿತು ಅಂತಲೇ ಲೆಕ್ಕ. ನಿಜವಾದ ಕೋಕೋದಲ್ಲೂ ಎರಡು ಬಗೆ ಇದೆ. ನ್ಯಾಚುರಲ್ ಕೋಕೋ ಸ್ವಲ್ಪ ಹುಳಿ, ಬಣ್ಣ ತೆಳು ಕಂದು. ಡಚ್ ಕೋಕೋವನ್ನು ಕ್ಷಾರದಿಂದ ಹದ ಮಾಡಿರುತ್ತಾರೆ, ಅದರ ಬಣ್ಣ ಕಪ್ಪು, ರುಚಿ ಮೆತ್ತಗೆ. ಪ್ಯಾಕೆಟ್ಟಿನ ಹಿಂದೆ ಐಎನ್‌ಎಸ್ 501 ಅಥವಾ 500 (ಆ ಕ್ಷಾರದ ಸಂಕೇತ ಸಂಖ್ಯೆ) ಅಂತ ಇದ್ದರೆ ಅದು ಡಚ್ ಅಂದುಕೊಳ್ಳಿ. ಎಷ್ಟೋ ಕೇಕುಗಳಿಗೆ ಇದೊಂದು ದೊಡ್ಡ ತಲೆನೋವು, ಇಲ್ಲಿ ಅಲ್ಲ. ಮೊಸರು ಮತ್ತು ಸ್ಟೌಟ್‌ನ ಹುಳಿ ಇರುವುದರಿಂದ ಯಾವ ಕೋಕೋ ಹಾಕಿದರೂ ಸೋಡಾ ಕೆಲಸ ಮಾಡುತ್ತದೆ. ನನ್ನ ಆಯ್ಕೆ ಡಚ್, ಬಣ್ಣಕ್ಕೋಸ್ಕರ. ಪುತ್ತೂರು, ಸುಳ್ಯದ ಕಡೆಯವರಿಗೆ ಕೋಕೋ ಹೊಸದೇನಲ್ಲ, ಅಡಿಕೆ ತೋಟದ ನೆರಳಲ್ಲೇ ಬೆಳೆಯುತ್ತಾರೆ. ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಪುತ್ತೂರಿನಲ್ಲೇ ನಡೆಯುತ್ತಿದೆ.

ಬ್ರೌನ್ ಶುಗರ್ ಸಿಗದಿದ್ದರೆ ಬೆಲ್ಲದ ಪುಡಿ ಹಾಕಿ, ತೂಕ ಅಷ್ಟೇ ಇರಲಿ. ಮಲೆನಾಡು, ಶಿರಸಿ ಕಡೆಯ ಜೋನಿ ಬೆಲ್ಲ ಮನೆಯಲ್ಲಿದ್ದರೆ ಬಿಳಿ ಸಕ್ಕರೆಯಲ್ಲಿ 20 ಗ್ರಾಂ ಕಳೆದು ಒಂದು ಚಮಚ ಜೋನಿ ಸೇರಿಸಿ. ಹುರಿದ ಬಾರ್ಲಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಉಪ್ಪಿರುವ ಬೆಣ್ಣೆಯೇ ಇದ್ದರೆ ಬೇರೆ ಉಪ್ಪು ಹಾಕಬೇಡಿ.

ಮೊಸರು ನೀರಾಗಿದ್ದರೆ ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ. ಬೆಣ್ಣೆ ಬಿಟ್ಟು ಉಳಿದ ತಣ್ಣನೆಯ ಸಾಮಾನುಗಳನ್ನು ಒಂದು ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಿ. ಬೆಣ್ಣೆ ಹೇಗೂ ಕರಗುವುದೇ.

ಮಾಡುವ ಬಗೆ

ಮೊದಲು ಸ್ಟೌಟ್ ಬಾಟಲಿ ತೆರೆದು ಅಗಲದ ಪಾತ್ರೆಗೆ ಸುರಿದು ಬಿಟ್ಟುಬಿಡಿ. ನೊರೆ ಇಳಿಯದೆ ಅಳೆದರೆ 200 ಮಿ.ಲೀ. ಅಂದುಕೊಂಡದ್ದು 150ಕ್ಕೆ ನಿಲ್ಲುತ್ತದೆ. ಪುರುಸೊತ್ತಿಲ್ಲದಿದ್ದರೆ ತಕ್ಕಡಿಯ ಮೇಲೆ 200 ಗ್ರಾಂ ತೂಗಿ, ಹೆಚ್ಚುಕಡಿಮೆ ಅದೇ ಲೆಕ್ಕ. ಕೆಲವು ಕ್ಯಾನ್‌ಗಳ ಒಳಗೆ ಸಣ್ಣ ಪ್ಲಾಸ್ಟಿಕ್ ಉಂಡೆ ಲೊಡಲೊಡ ಅನ್ನುತ್ತದೆ. ಗಾಬರಿ ಬೇಡ, ಅದು ನೈಟ್ರೋಜನ್ ಬಿಟ್ಟು ನೊರೆ ಬರಿಸುವುದಕ್ಕೆ ಇಟ್ಟದ್ದು. ಬಾಟಲಿಯಲ್ಲಿ ಮಿಕ್ಕಿದ್ದನ್ನು ಏನು ಮಾಡಬೇಕು ಅಂತ ನಾನು ಹೇಳಬೇಕಾಗಿಲ್ಲ.

ಓವನ್ 175 ಡಿಗ್ರಿಗೆ ಇಟ್ಟು ಕಾಯಲು ಬಿಡಿ. ಓಟಿಜಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಆದರೆ ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ, 20 ನಿಮಿಷವಾದರೂ ಕಾಯಿಸಿ. ದೀಪ ಆರಿದ ಕೂಡಲೇ ಕಾದಿದೆ ಅಂತಲ್ಲ. ಗುಂಡಿ ತೋರಿಸುವ ಉಷ್ಣತೆಗೂ ಒಳಗಿನದಕ್ಕೂ 20 ಡಿಗ್ರಿ ವ್ಯತ್ಯಾಸ ಇರುವುದು ಅಪರೂಪವಲ್ಲ, ಆದ್ದರಿಂದ ಓವನ್ ಥರ್ಮಾಮೀಟರ್ ಒಂದು ಇಟ್ಟುಕೊಂಡರೆ ಒಳ್ಳೆಯದು. ಟಿನ್ನಿಗೆ ಬೆಣ್ಣೆ ಸವರಿ, ತಳಕ್ಕೂ ಸುತ್ತಲಿಗೂ ಬೇಕಿಂಗ್ ಪೇಪರ್ ಹಾಸಿ. ಈ ಕೇಕ್ ಮೆತ್ತಗೆ, ಕಾಗದವಿಲ್ಲದೆ ತೆಗೆಯಲು ಹೋದರೆ ಮುರಿಯುತ್ತದೆ. ಪಕ್ಕ ಬಿಚ್ಚುವ ಸ್ಪ್ರಿಂಗ್‌ಫಾರ್ಮ್ ಟಿನ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಹಿಟ್ಟು ನೀರಾಗಿರುವುದರಿಂದ ಸೋರಬಹುದು, ಹೊರಗಡೆ ಫಾಯಿಲ್ ಸುತ್ತಿ.

ದಪ್ಪ ತಳದ ಪಾತ್ರೆಯಲ್ಲಿ ಸ್ಟೌಟ್ ಮತ್ತು ತುಂಡು ಮಾಡಿದ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿಡಿ. ಕುದಿಸಬೇಡಿ. ಕುದಿ ಹತ್ತಿದರೆ ನೀರಿನಂಶ ಹೋಗಿ ಕಹಿ ಮಾತ್ರ ಗಟ್ಟಿಯಾಗುತ್ತದೆ. ಬೆಣ್ಣೆ ಕರಗಿದ ತಕ್ಷಣ ಇಳಿಸಿ. ಈ ಹೊತ್ತಿಗೆ ಅಡುಗೆಮನೆಯಲ್ಲಿ ಬಿಯರ್ ವಾಸನೆ ಜೋರಾಗಿಯೇ ಇರುತ್ತದೆ, 'ಇದು ಕೇಕ್ ಆಗುತ್ತಾ' ಅನ್ನುವ ಅನುಮಾನ ಬರುವುದು ಇಲ್ಲೇ.

ಈಗ ಬಿಸಿ ಇರುವಾಗಲೇ ಕೋಕೋವನ್ನು ಜರಡಿ ಹಿಡಿದು ಮೇಲೆ ಉದುರಿಸಿ. ಮೊದಲು ಪುಡಿ ಒದ್ದೆಯಾಗದೆ ಒಣಗಿದ ದ್ವೀಪಗಳಾಗಿ ತೇಲುತ್ತದೆ. ವಿಸ್ಕ್ ಹಿಡಿದು ನಡುವಿನಿಂದ ನಿಧಾನಕ್ಕೆ ತಿರುಗಿಸುತ್ತಾ ಬನ್ನಿ. ಒಂದು ನಿಮಿಷದಲ್ಲಿ ಗಂಟುಗಳು ಒಡೆಯುತ್ತವೆ, ಮೇಲೆ ತೇಲುತ್ತಿದ್ದ ಬೆಣ್ಣೆಯ ಹಳದಿ ಕಣ್ಣುಗಳು ಮಾಯವಾಗುತ್ತವೆ. ಇಡೀ ಪಾತ್ರೆ ಒಂದೇ ಸಮ ಕಪ್ಪಾಗಿ ಹೊಳೆಯತೊಡಗುತ್ತದೆ. ವಾಸನೆಯೂ ಆಗಲೇ ಬದಲಾಗುವುದು, ಬಿಯರ್ ಹಿಂದೆ ಸರಿದು ಚಾಕೊಲೇಟ್ ಮುಂದೆ ಬರುತ್ತದೆ. ಬಿಸಿ ದ್ರವ, ಜೊತೆಗೆ ಕೊಬ್ಬು, ಇವೆರಡೂ ಕೋಕೋದ ರುಚಿಯನ್ನು ಎಬ್ಬಿಸುತ್ತವೆ. ಪುಡಿಯನ್ನು ಸುಮ್ನೆ ಮೈದಾ ಜೊತೆ ಬೆರೆಸಿದರೆ ಇಷ್ಟು ಆಳ ಬರುವುದಿಲ್ಲ. ಇಡೀ ಕೇಕಿನಲ್ಲಿ ಅವಸರ ಮಾಡಬಾರದ ಜಾಗ ಅಂದರೆ ಇದೊಂದೇ. ಎರಡೂ ಸಕ್ಕರೆ, ಉಪ್ಪು ಹಾಕಿ ಕಲಸಿ, ಬೆರಳಿಟ್ಟರೆ ಉಗುರುಬೆಚ್ಚಗೆ ಅನ್ನಿಸುವವರೆಗೆ ಆರಲು ಬಿಡಿ. ಬಿಸಿ ಇರುವಾಗಲೇ ಮೊಟ್ಟೆ ಹಾಕಿದರೆ ಅದು ಬೆಂದು ಎಳೆಎಳೆಯಾಗುತ್ತದೆ.

ಬೇರೆ ಬಟ್ಟಲಲ್ಲಿ ಮೊಸರು, ಮೊಟ್ಟೆ, ವೆನಿಲಾ ಚೆನ್ನಾಗಿ ಕಲಸಿ ಇದಕ್ಕೆ ಸುರಿಯಿರಿ. ನೊರೆ ಬರುವಂತೆ ಬೀಟರ್‌ನಲ್ಲಿ ಹೊಡೆಯುವ ಅಗತ್ಯವಿಲ್ಲ, ಇದು ಒಂದೇ ಪಾತ್ರೆಯ ಕೇಕ್. ಮೈದಾ ಮತ್ತು ಸೋಡಾವನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿದು ಸೇರಿಸಿ. ಸೋಡಾ ಒಂದೆಡೆ ಉಂಡೆಯಾಗಿ ಉಳಿದರೆ ತಿನ್ನುವಾಗ ಆ ತುತ್ತಿನಲ್ಲಿ ಸೋಪಿನ ರುಚಿ ಬರುತ್ತದೆ. ಒಣ ಹಿಟ್ಟು ಕಾಣದಂತಾದರೆ ಸಾಕು, ನಿಲ್ಲಿಸಿ. ಹೆಚ್ಚು ಕಲಸಿದರೆ ಮೈದಾದ ಜಿಗುಟು ಎದ್ದು ಕೇಕ್ ರಬ್ಬರ್ ಥರ ಆಗುತ್ತದೆ.

ಹಿಟ್ಟು ನೀರುದೋಸೆಯಷ್ಟು ತೆಳು ಅಲ್ಲದಿದ್ದರೂ ಧಾರಾಳವಾಗಿ ಸುರಿಯುವ ಹದದಲ್ಲಿರುತ್ತದೆ. ಹೆದರಿ ಮೈದಾ ಸೇರಿಸಬೇಡಿ, ಅದು ಹಾಗೇ ಇರಬೇಕು. ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಸೋಡಾ ಕೆಲಸ ಶುರು ಮಾಡಿದೆ ಅಂತ ಅರ್ಥ. ಇನ್ನು ಫೋನ್ ನೋಡಿಕೊಂಡು ನಿಲ್ಲುವಂತಿಲ್ಲ. ಕೂಡಲೇ ಟಿನ್ನಿಗೆ ಸುರಿದು ಓವನ್ನಿನ ನಡುವಿನ ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ತಟ್ಟೆಯ ಮೇಲಿಡಿ.

50ರಿಂದ 60 ನಿಮಿಷ ಬೇಕು. ಮೊದಲ 35 ನಿಮಿಷ ಬಾಗಿಲು ತೆಗೆಯಬೇಡಿ. ನಡುಭಾಗ ಗಟ್ಟಿಯಾಗುವ ಮೊದಲು ತಣ್ಣನೆ ಗಾಳಿ ಹೊಕ್ಕರೆ ಕುಸಿಯುತ್ತದೆ. ಆಮೇಲೆ ಮೇಲ್ಭಾಗ ಕರುಕಾಗುತ್ತಿದ್ದರೆ ಫಾಯಿಲ್ ಮುಚ್ಚಿ. ಕೇಕ್ ಕಪ್ಪಗೇ ಇರುವುದರಿಂದ ಬಣ್ಣ ನೋಡಿ ಬೆಂದಿದೆ ಅಂತ ಹೇಳಲಾಗದು. 45 ನಿಮಿಷವಾದ ಮೇಲೆ ಬಿದಿರುಕಡ್ಡಿ ಚುಚ್ಚಿ ನೋಡಿ. ಒದ್ದೆ ಹಿಟ್ಟು ಅಂಟಬಾರದು, ಆದರೆ ಒಂದೆರಡು ತೇವದ ತುಣುಕು ಅಂಟಿದರೆ ಅದೇ ಸರಿಯಾದ ಹದ. ಕಡ್ಡಿ ಪೂರಾ ಒಣಗಿ ಬಂದರೆ ತಡವಾಯಿತು.

ಟಿನ್ನಿನಲ್ಲೇ ಪೂರ್ತಿ ತಣ್ಣಗಾಗಲಿ. ಎರಡು ಗಂಟೆಯಾದರೂ ಬೇಕು. ಬಿಸಿಯಲ್ಲಿ ತಿರುವಿಹಾಕಿದರೆ ಎರಡು ಹೋಳಾಗುತ್ತದೆ.

ಬೆಂಗಳೂರು, ಮಡಿಕೇರಿಯವರಿಗೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಇನ್ನೂ ಮೇಲೆ. ಎತ್ತರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಕಡಿಮೆ, ಕೇಕ್ ಬೇಗ ಉಬ್ಬಿ ಬೇಗ ಕುಸಿಯುತ್ತದೆ. ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ನಿಮ್ಮ ಕೇಕ್ ನಡುವೆ ಗುಳಿ ಬೀಳುತ್ತಿದ್ದರೆ ಸೋಡಾವನ್ನು ಒಂದೂಕಾಲು ಚಮಚಕ್ಕೆ ಇಳಿಸಿ, ಎರಡು ಚಮಚ ಮೈದಾ ಜಾಸ್ತಿ ಮಾಡಿ. ಮಂಗಳೂರು, ಕಾರವಾರದಲ್ಲಿ ಇದೇನೂ ಬೇಡ. ಅಲ್ಲಿಯ ತೊಂದರೆ ಬೇರೆ, ಸೆಕೆಯಲ್ಲಿ ಫ್ರಾಸ್ಟಿಂಗ್ ಕರಗುತ್ತದೆ. ಅಂದಹಾಗೆ, ಸಣ್ಣ ಗುಳಿ ಬಿದ್ದರೂ ಚಿಂತೆಯಿಲ್ಲ. ಅಲ್ಲಿ ಬಿಳಿ ಪದರ ಇನ್ನಷ್ಟು ದಪ್ಪ ಕೂರುತ್ತದೆ.

ಮೊಟ್ಟೆ ತಿನ್ನದವರು ಎರಡು ಮೊಟ್ಟೆಯ ಬದಲು ಇನ್ನೂ 100 ಗ್ರಾಂ ಗಟ್ಟಿ ಮೊಸರು, ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕಿ. ರುಚಿಗೆ ಮೋಸವಿಲ್ಲ, ಆದರೆ ಕೇಕ್ ಉದುರುದುರಾಗುತ್ತದೆ. ದೊಡ್ಡ ಟಿನ್ನಿಗಿಂತ ಕಪ್‌ಕೇಕ್ ಅಚ್ಚಿನಲ್ಲಿ ಮಾಡುವುದು ಒಳ್ಳೆಯದು, 20ರಿಂದ 22 ನಿಮಿಷ ಸಾಕು.

ಬಿಳಿ ಪದರ

ಕ್ರೀಮ್ ಚೀಸ್ ಮೆತ್ತಗಾಗುವಷ್ಟು ಹೊತ್ತು ಹೊರಗಿಟ್ಟು, ಜರಡಿ ಹಿಡಿದ ಐಸಿಂಗ್ ಶುಗರ್ ಸೇರಿಸಿ ನುಣ್ಣಗೆ ಕಲಸಿ. ಬೇರೆ ಬಟ್ಟಲಲ್ಲಿ ತಣ್ಣನೆಯ ಕ್ರೀಮನ್ನು ಬೀಟರ್ ಎತ್ತಿದರೆ ತುದಿ ನಿಲ್ಲುವವರೆಗೆ ಹೊಡೆದು, ಎರಡನ್ನೂ ಮೆಲ್ಲಗೆ ಕೂಡಿಸಿ. ಇಲ್ಲಿ ಹೆಚ್ಚಿನವರು ಎಡವುವುದು ಕ್ರೀಮಿನ ಆಯ್ಕೆಯಲ್ಲಿ. ಟೆಟ್ರಾ ಪ್ಯಾಕಿನ ಮಾಮೂಲಿ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇ 25ರ ಹತ್ತಿರ, ಎಷ್ಟು ಹೊಡೆದರೂ ಅದು ನಿಲ್ಲುವುದಿಲ್ಲ. ಶೇ 30ಕ್ಕಿಂತ ಮೇಲಿನ ಡೈರಿ ವಿಪ್ಪಿಂಗ್ ಕ್ರೀಮ್ ಬೇಕು. ಬೇಕರಿಯವರು ಬಳಸುವ ನಾನ್-ಡೈರಿ ವಿಪ್ ಕ್ರೀಮ್ ಮೊದಲೇ ಸಿಹಿ ಇರುತ್ತದೆ, ಅದನ್ನು ಹಾಕುವುದಾದರೆ ಐಸಿಂಗ್ ಶುಗರ್ ಅರ್ಧ ಮಾಡಿ. ನನಗೇನೋ ಅದರ ಜಿಡ್ಡು ನಾಲಿಗೆಯ ಮೇಲೆ ಉಳಿಯುವುದು ಇಷ್ಟವಿಲ್ಲ.

ಕ್ರೀಮ್ ಚೀಸ್ ಬೆಲೆ ನೋಡಿ ಬೇಜಾರಾದರೆ ಇನ್ನೊಂದು ದಾರಿ ಇದೆ. ಶ್ರೀಖಂಡಕ್ಕೆ ಕಟ್ಟುವ ಹಾಗೆ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನಲ್ಲಿ ತೂಗುಬಿಡಿ. ಆ ಚಕ್ಕಾಕ್ಕೆ ಐಸಿಂಗ್ ಶುಗರ್ ಹಾಕಿ ಕಲಸಿದರೆ ಹುಳಿ-ಸಿಹಿ ಪದರ ತಯಾರು. ಏಲಕ್ಕಿ, ಕೇಸರಿ ಮಾತ್ರ ಬೇಡ, ಹುರಿದ ಕಹಿಗೆ ಅವು ಹೊಂದುವುದಿಲ್ಲ. ಚಕ್ಕಾ ಹೊತ್ತು ಕಳೆದಂತೆ ನೀರು ಬಿಡುವುದರಿಂದ ಬಡಿಸುವ ಮುಂಚೆಯಷ್ಟೇ ಹಚ್ಚಿ.

ಕೇಕ್ ಪೂರ್ತಿ ತಣ್ಣಗಾದ ಮೇಲೆ ಪದರವನ್ನು ನಡುವೆ ಸುರಿದು ಚಮಚದ ಬೆನ್ನಿನಿಂದ ಅಂಚಿನವರೆಗೆ ತಳ್ಳಿ. ನುಣ್ಣಗೆ ಸವರಬೇಡಿ, ಅಲ್ಲಲ್ಲಿ ಏರಿಳಿತ ಇದ್ದರೇ ನೊರೆಯ ಹಾಗೆ ಕಾಣುವುದು.

ಈ ಕೇಕ್ ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ. ಮೊದಲ ದಿನದ ಕಹಿ ತಗ್ಗಿ, ತೇವ ಎಲ್ಲ ಕಡೆ ಸಮನಾಗುತ್ತದೆ. ಶನಿವಾರ ಸಂಜೆ ಬೇಯಿಸಿ, ಕಾಗದ ಬಿಚ್ಚದೆ ಮುಚ್ಚಿಟ್ಟು, ಭಾನುವಾರ ಪದರ ಹಚ್ಚಿ ಬಡಿಸಿ. ಪದರ ಹಚ್ಚಿದ ಮೇಲೆ ಫ್ರಿಜ್‌ನಲ್ಲೇ ಇರಬೇಕು, ಮೂರು ದಿನ ಚೆನ್ನಾಗಿರುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗಿಡಿ, ಇಲ್ಲದಿದ್ದರೆ ಬೆಣ್ಣೆ ಹೆಪ್ಪುಗಟ್ಟಿ ಕೇಕ್ ಬಿರುಸಾಗಿರುತ್ತದೆ. ಪದರವಿಲ್ಲದ ಕೇಕನ್ನು ತುಂಡು ಮಾಡಿ, ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ತಿಂಗಳು ಕೆಡುವುದಿಲ್ಲ. ಕತ್ತರಿಸುವಾಗ ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿಕೊಳ್ಳಿ, ಪ್ರತಿ ತುಂಡಿಗೂ. ಬಿಳಿಗೆ ಕಪ್ಪು ಮೆತ್ತಿಕೊಳ್ಳುವುದಿಲ್ಲ.